ಎರಡನೇ ಸಲ ಯಾರೂ ಕೇಳಲಿಲ್ಲ

ಭಾನುವಾರ ಸಂಜೆ ಲಾಂಡ್ರಿಯ ಯಜಮಾನಿ ತಾವಾಗಿಯೇ ಮನೆ ಹುಡುಕಿಕೊಂಡು ಬಂದರು. ಹೊಲಿಗೆ ಯಂತ್ರದ ಮುಂದಿನ ಸ್ಟೂಲಿನ ಮೇಲೆ ಕೂತು, ಮೇಸ್ತ್ರಿಗೆ ಕೂತು ಮಾಡುವ ಕೆಲಸವನ್ನೂ ಸಂಸಾರಕ್ಕೆ ಎರಡು ಕೋಣೆಗಳನ್ನೂ ಒಟ್ಟಿಗೇ ಕೊಡುತ್ತೇನೆ ಎಂದರು. ಮೇಸ್ತ್ರಿ ಬೇಡ ಎಂದ.

ಬೇಡ ಎನ್ನುವಷ್ಟು ಸುಖದಲ್ಲೇನೂ ಅವನಿರಲಿಲ್ಲ. ಹದಿನಾಲ್ಕು ವರ್ಷ ಆ ಲಾಂಡ್ರಿಯಲ್ಲಿ, ಹಾಸು ಒತ್ತುವ ದೊಡ್ಡ ಬಿಸಿ ಉರುಳೆಯ ಮುಂದೆ ನಿಂತವನು. ಆಸ್ಪತ್ರೆಗಳ, ಹೋಟೆಲುಗಳ ಹಾಸುಗಳೆಲ್ಲ ಅವನ ಕೈ ದಾಟಿಯೇ ಹೊರಗೆ ಹೋಗುತ್ತಿದ್ದವು. ಹಾಗಾಗಿ ಎಲ್ಲರ ಬಾಯಲ್ಲೂ ಅವನು ಮೇಸ್ತ್ರಿ. ಮೂರು ತಿಂಗಳ ಹಿಂದೆ ಸುಕ್ಕಾಗಿದ್ದ ಒಂದು ಮೂಲೆಯನ್ನು ಸರಿಮಾಡಲು ಹೋಗಿ ಬಲಗೈಯನ್ನೇ ಉರುಳೆಗೆ ಕೊಟ್ಟಿದ್ದ. ಗಾಯ ಮಾಯಿತು, ಬೆರಳು ಬಿಡಿಸಿಕೊಳ್ಳಲಿಲ್ಲ. ನಾಲ್ಕೂ ಒಂದಕ್ಕೊಂದು ಅಂಟಿ ಸೌಟಿನ ಹಾಗಾಗಿದ್ದವು. ಗಾಯದ ಮೇಲೆ ಬರೆ ಎಂಬಂತೆ, ಅವರಿದ್ದ ಕಟ್ಟಡವನ್ನು ಕೆಡವುತ್ತೇನೆಂದು ಮಾಲೀಕ ಹೇಳಿ ಕಳಿಸಿದ್ದ. ಖಾಲಿ ಮಾಡಲು ಐದು ವಾರ.

ಯಜಮಾನಿ ಕೊಡಬಂದದ್ದು ಬಟ್ಟೆ ವಿಂಗಡಿಸುವ ಕೆಲಸ. ಮೂಲೆಯಲ್ಲಿ ಹೊಲಿದ ಬಣ್ಣದ ನೂಲಿನ ಗುರುತು ನೋಡಿ, ಇದು ಯಾವ ಆಸ್ಪತ್ರೆಯದು, ಅದು ಯಾವ ಹೋಟೆಲಿನದು ಎಂದು ಬೇರೆ ಬೇರೆ ತೊಟ್ಟಿಗೆ ಹಾಕಬೇಕು. ಎಡಗೈಯೊಂದೇ ಸಾಕು. ಆ ಕೆಲಸದವರಿಗೆಂದೇ ಬಾಯ್ಲರಿನ ಮೇಲಂತಸ್ತಿನಲ್ಲಿ ಎರಡು ಕೋಣೆ. ಚಳಿಗಾಲದಲ್ಲಿ ನೆಲ ತಾನಾಗಿಯೇ ಬೆಚ್ಚಗಿರುತ್ತದೆ.

“ಛೆ ಛೆ, ಬೇಡಮ್ಮ,” ಎಂದ ಮೇಸ್ತ್ರಿ, ಸುಟ್ಟ ಕೈಯನ್ನು ತೊಡೆಯ ಕೆಳಗಿಟ್ಟುಕೊಂಡು. “ನಿಮಗ್ಯಾಕೆ ತೊಂದರೆ. ಹೇಗೋ ನಡೆಯುತ್ತೆ.”

“ನೀವು ಬಂದಿದ್ದೇ ದೊಡ್ಡದು ತಾಯಿ,” ಎಂದರು ಗೋಡೆಗೊರಗಿ ಕೂತಿದ್ದ ಅವನ ಅಮ್ಮ. “ನಮಗೇನೂ ಕಮ್ಮಿಯಾಗಿಲ್ಲ.”

ಮೇಸ್ತ್ರಿಯ ಹೆಂಡತಿ, ಆ ಮನೆಯ ಸೊಸೆ, ಮುಂದಿನದನ್ನು ಆಗಲೇ ಲೆಕ್ಕ ಹಾಕಿದ್ದಳು. ಯಜಮಾನಿ ಇನ್ನೊಂದು ಸಲ ಕೇಳುತ್ತಾರೆ, ಆಗ ಇವರು ‘ಅಯ್ಯೋ, ಹೇಳಿದ್ರೆ ಕೇಳಲ್ಲವಲ್ಲ ನೀವು’ ಎನ್ನುತ್ತಾರೆ, ಮೂರನೇ ಸಲಕ್ಕೆ ತಲೆ ತಗ್ಗಿಸಿ ‘ನಿಮ್ಮಿಷ್ಟ’ ಎನ್ನುತ್ತಾರೆ. ಅಷ್ಟರಲ್ಲಿ ಚಹಾ ಆಗಿರಲಿ ಎಂದು ಒಲೆಗೆ ನೀರಿಡಲು ಹೋದಳು. ನೀರು ಕುದಿಯುವ ಮೊದಲೇ ಬಾಗಿಲ ಸದ್ದಾಯಿತು. ಬಂದು ನೋಡಿದರೆ ಸ್ಟೂಲು ಖಾಲಿ.

“ಎಲ್ಲಿ ಅವರು?”

“ಹೋದರು. ‘ಸರಿ ಹಾಗಾದ್ರೆ’ ಅಂದರು, ಹೋದರು.”

“ಬೇಜಾರು ಮಾಡ್ಕೊಂಡ್ರಾ?”

“ಇಲ್ಲಪ್ಪ. ನಗುನಗ್ತಾನೇ ಎದ್ದರು.”

“ಬರ್ತಾರೆ ಬಿಡೇ,” ಎಂದರು ಅತ್ತೆ. “ಒಂದೇ ಉಸಿರಿಗೆ ಮೂರು ಸಲ ಕೇಳೋಕೆ ಅವರೇನು ಬಸ್ ಕಂಡಕ್ಟರಾ? ದೊಡ್ಡ ಜನ. ಎರಡು ದಿನ ಬಿಟ್ಟು ಬರ್ತಾರೆ.”

ಇವರು ಈ ಊರಿಗೆ ಬಂದು ಇಪ್ಪತ್ತು ವರ್ಷವಾಗಿತ್ತು. ಊರಿನವರ ಉಡುಪು ಬಂತು, ಬಸ್ಸಿನ ನಂಬರು ಬಾಯಿಗೆ ಬಂತು, ಚೌಕಾಸಿ ಮಾಡದೆ ಸಾಮಾನು ಕೊಳ್ಳುವುದೂ ಕಷ್ಟಪಟ್ಟು ಬಂತು. ಆದರೆ ಕೇಳಿದ ತಕ್ಷಣ ಬೇಕು ಎನ್ನುವುದು ಮಾತ್ರ ಬರಲಿಲ್ಲ. ಅತ್ತೆಯ ಹತ್ತಿರ ಅದಕ್ಕೊಂದು ಮಾತೇ ಇತ್ತು: ಮೊದಲ ಸಲ ಕೇಳೋದು ಬಾಯಿ, ಎರಡನೇ ಸಲ ಕೇಳೋದು ಮನಸ್ಸು, ಮೂರನೇ ಸಲ ಕೇಳೋದು ಬಾಂಧವ್ಯ. ಬಾಯಿ ಕೇಳಿದ್ದಕ್ಕೆಲ್ಲ ಹೂಂ ಅಂದವನು ಹೊಟ್ಟೆಬಾಕ.

ಆ ಸಂಜೆ ಊಟಕ್ಕೆ ಕೂತಾಗ ಮೂವರೂ ಗೆಲುವಾಗಿದ್ದರು. ಯಾವ ಕೋಣೆ ಯಾರಿಗೆ ಎಂಬ ಮಾತೂ ಆಯಿತು. ಅಷ್ಟರಲ್ಲಿ ಮಗಳು ಬಂದಳು. ಹದಿನೆಂಟರ ಹುಡುಗಿ, ಚಪ್ಪಲಿ ಅಂಗಡಿಯಲ್ಲಿ ಕೆಲಸ. ದಿನವಿಡೀ ಊರಿನವರ ಕಾಲು ಹಿಡಿದು ಅಳತೆ ತೆಗೆದವಳು ಬಂದವಳೇ ತನ್ನ ಕಾಲು ಚಾಚಿ ಕೂತಳು. ನಡೆದದ್ದನ್ನು ಕೇಳಿ ತಟ್ಟೆಯಿಂದ ಕೈ ಹಿಂದಕ್ಕೆ ತೆಗೆದಳು.

“ಬೇಡ ಅಂದ್ಯಾ? ಅಪ್ಪ, ನಿಜವಾಗ್ಲೂ ಬೇಡ ಅಂದ್ಯಾ?”

“ಮೊದಲನೇ ಸಲ ಅಲ್ವೇನೇ.”

“ಅವರಿಗೆ ಮೊದಲನೇದೂ ಅದೇ, ಕೊನೇದೂ ಅದೇ. ಈ ಊರಲ್ಲಿ ಯಾರೂ ಎರಡನೇ ಸಲ ಕೇಳಲ್ಲ. ನಾನು ಕೆಲಸಕ್ಕೆ ಸೇರಿದ ವಾರ ಅಂಗಡಿ ಹುಡುಗೀರು ಡಬ್ಬಿ ಚಾಚಿ ‘ತಗೋ’ ಅಂದರು. ನಾನು ‘ಬೇಡ’ ಅಂದೆ. ಟಪ್ ಅಂತ ಮುಚ್ಚಳ ಹಾಕಿದರು. ಐದು ದಿನ ಉಪವಾಸ ಬಿದ್ದೆ. ಆರನೇ ದಿನ ಮುಚ್ಚಳ ತೆಗೆಯೋಕೆ ಮುಂಚೆನೇ ‘ಕೊಡಿ’ ಅಂದೆ. ಆವತ್ತೇ ಅವರು ನನ್ನ ಜೊತೆ ಮಾತಾಡೋಕೆ ಶುರು ಮಾಡಿದ್ದು.”

“ಒಂದೇ ಸಲ ಕೇಳೋದಾ?” ಅತ್ತೆಗೆ ನಗು ಬಂತು. “ಬಾಗಿಲಿಗೆ ಬಂದ ನಾಯೀನೂ ನಾವು ಎರಡು ಸಲ ಕರೀತೀವಿ. ಒಣ ಜನ ಕಣೇ ಇವರು. ಹಸಿದವರ ಬಾಯಿಂದ ಬೇಕು ಅನ್ನಿಸಿಕೊಂಡು ಕೊಡೋದು ಕೊಡೋದಾ? ಭಿಕ್ಷೆ ಹಾಕೋದು ಅದು.”

“ಬೇಡ ಅಂದವರ ಬಾಯಿಗೆ ತುರುಕೋದು ಮರ್ಯಾದೆನಾ ಅಂತ ಅವರು ಕೇಳ್ತಾರೆ ಅಜ್ಜಿ. ಬೇಡ ಅಂದವನನ್ನ ಮತ್ತೆ ಕೇಳಿದ್ರೆ ಅವನ ಮಾತಿಗೆ ಬೆಲೆ ಇಲ್ಲ ಅಂದ ಹಾಗಂತೆ. ನಾಳೆ ನಾನೇ ಹೋಗಿ ಯಜಮಾನಿಗೆ ಹೇಳ್ತೀನಿ.”

“ಹೋದರೆ ಕಾಲು ಮುರೀತೀನಿ,” ಎಂದ ಮೇಸ್ತ್ರಿ. ಜೋರಾಗಿ ಹೇಳಲಿಲ್ಲ, ಹಾಗಾಗಿ ಮಗಳು ಆ ಮಾತನ್ನು ಅಲ್ಲಿಗೇ ಬಿಟ್ಟಳು.

ಎರಡು ದಿನ ಹೋಗಿ ನಾಲ್ಕಾಯಿತು, ನಾಲ್ಕು ಹೋಗಿ ವಾರವಾಯಿತು. ಮೇಸ್ತ್ರಿ ದಿನಾ ಸಂಜೆ ಎಡಗೈಯಲ್ಲಿ ಗಡ್ಡ ಹೆರೆದುಕೊಂಡು, ಎರಡು ಕಡೆ ರಕ್ತ ಒರೆಸಿಕೊಂಡು, ಒಗೆದ ಅಂಗಿ ಹಾಕಿಕೊಂಡು ಕೂರುತ್ತಿದ್ದ. ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾದರೆ ಅತ್ತೆ ಸೆರಗು ಸರಿಮಾಡಿಕೊಳ್ಳುವರು. ಸಪ್ಪಳ ಮೇಲಿನ ಮನೆಗೆ ಹೋಗುವುದು. ಎರಡನೇ ವಾರ ಮೇಲಿನ ಮನೆಯೂ ಖಾಲಿಯಾಯಿತು. ಆಮೇಲೆ ಸಪ್ಪಳವೂ ಇಲ್ಲ.

ಸೊಸೆಯದು ಲಾಂಡ್ರಿಯ ಹರಿದ ಹಾಸುಗಳನ್ನು ಮನೆಯಲ್ಲೇ ಸರಿಮಾಡುವ ಕೆಲಸ. ಮಲಗಿ ಮಲಗಿ ನಡುವೆ ಸವೆದ ಹಾಸನ್ನು ಉದ್ದಕ್ಕೆ ಸೀಳಿ, ಗಟ್ಟಿಯಿರುವ ಎರಡು ಅಂಚನ್ನು ಒಳಕ್ಕೆ ತಂದು ಜೋಡಿಸಿ, ಸವೆದದ್ದನ್ನು ಹೊರಗಿನ ಅಂಚಿಗೆ ತಳ್ಳಿಬಿಟ್ಟರೆ ಹಾಸು ಇನ್ನೊಂದು ವರ್ಷ ಬಾಳುತ್ತದೆ. ಈಗ ಮನೆ ನಡೆಯುತ್ತಿದ್ದದ್ದು ಇದರಿಂದ ಮತ್ತು ಮಗಳ ದುಡಿಮೆಯಿಂದ. ಬೇಳೆ ನೀರಾಗುತ್ತಾ ಬಂತು. ಆಲೂಗಡ್ಡೆ ಸಿಪ್ಪೆಸಮೇತ ಬೇಯಿತು. ಅತ್ತೆ ತಮ್ಮ ತಟ್ಟೆಯಿಂದ ಅರ್ಧ ಎತ್ತಿ ಮೊಮ್ಮಗಳ ತಟ್ಟೆಗೆ ಹಾಕುವರು. ಅವಳು ಬೇಡ ಎನ್ನುವಳು, ಇವರು ಮತ್ತೆ ಹಾಕುವರು, ಅವಳು ಮತ್ತೆ ಬೇಡ ಎನ್ನುವಳು. ಆ ಆಟ ನೋಡಲು ಸೊಸೆಗೆ ಮೊದಲ ಸಲ ಬೇಸರವಾಯಿತು.

ಮೂರನೇ ವಾರ, ಹೊಲಿದ ಹಾಸುಗಳ ಎರಡು ಗಂಟು ಹೊತ್ತು ಲಾಂಡ್ರಿಯ ಅಂಗಳ ದಾಟುವಾಗ ಯಜಮಾನಿ ಎದುರಾದರು. ಸೊಸೆ ಗಂಟುಗಳನ್ನು ಕೆಳಗಿಳಿಸಿದಳು.

“ಕೈ ಹೇಗಿದೆ ಮೇಸ್ತ್ರಿದು?”

“ಪರವಾಗಿಲ್ಲಮ್ಮ. ವಾಸಿಯಾಗ್ತಿದೆ.”

“ಮನೆ ಸಿಕ್ತಾ?”

“ನೋಡ್ತಿದೀವಿ. ಸಿಗುತ್ತೆ.”

ಯಜಮಾನಿ ಕೂಡಲೇ ಹೋಗಲಿಲ್ಲ. ಏನೋ ಕಾಯುವವರ ಹಾಗೆ ಅವಳ ಮುಖ ನೋಡುತ್ತಾ ನಿಂತರು. ಸೊಸೆಯೂ ನಿಂತಳು. ಇವರೇ ಮುಂದಿನ ಮಾತು ಎತ್ತಲಿ ಎಂದು ಇವಳು, ಇವಳೇ ಎತ್ತಲಿ ಎಂದು ಅವರು. ಆಮೇಲೆ ಅವರು “ಒಳ್ಳೇದು” ಎಂದು ಬಾಯ್ಲರಿನ ಕಡೆ ನಡೆದರು. ದಾರಿಯುದ್ದಕ್ಕೂ ಸೊಸೆ ತನ್ನ ಬಾಯಿಗೆ ತಾನೇ ಬೈದುಕೊಂಡಳು. ವಾಸಿಯಾಗ್ತಿದೆಯಂತೆ. ಸಿಗುತ್ತಂತೆ. ಮನೆಗೆ ಬಂದು ಇದನ್ನು ಹೇಳಿದಾಗ ಅತ್ತೆ ಮಾತ್ರ ಮೆಚ್ಚಿದರು.

“ಸರಿಯಾಗೇ ಹೇಳಿದೀಯ. ಬೀದಿಯಲ್ಲಿ ನಿಂತು ಗೋಳು ಹೇಳ್ಕೊಳ್ಳೋರು ಬೇರೆ ಜನ.”

“ಅತ್ತೆ, ಇನ್ನು ಹದಿನೇಳು ದಿನ ಇದೆ.”

“ಹದಿನೇಳು ದಿನಕ್ಕೆ ಹುಟ್ಟಿನಿಂದ ಬಂದಿದ್ದನ್ನ ಬಿಡೋಕಾಗುತ್ತಾ?”

ಮೇಸ್ತ್ರಿ ಮನೆ ಹುಡುಕಲು ಹೊರಟ. ಬಾಗಿಲು ತೆಗೆದವರು ಮೊದಲು ಅವನ ಕೈ ನೋಡುವರು, ಆಮೇಲೆ ಮುಖ. ಎಷ್ಟು ಜನ? ನಾಲ್ಕು. ಏನು ಕೆಲಸ? ಇಲ್ಲಿಗೆ ಮಾತು ನಿಲ್ಲುವುದು. ಹತ್ತೆಂಟು ಬಾಗಿಲು ನೋಡಿದ ಮೇಲೆ ಬಲಗೈಯನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು ಹೋಗಲು ಶುರುಮಾಡಿದ. ಜೇಬಿನಲ್ಲಿ ಏನೋ ಬಚ್ಚಿಟ್ಟಿದ್ದಾನೆಂದು ಒಂದು ಮನೆಯವರು ಅರ್ಧ ಬಾಗಿಲಿನಿಂದಲೇ ಮಾತಾಡಿ ಕಳಿಸಿದರು. ಆ ದಿನ ಊಟದ ಹೊತ್ತಿಗೆ ಅವನು ಮಗಳ ಮೇಲೆ ಹರಿಹಾಯ್ದ.

“ಈ ಊರಿನವರ ಬುದ್ಧಿ ನೋಡಿದ್ಯಾ? ಇವರನ್ನೇ ನೀನು ಹಾಡಿ ಹೊಗಳೋದು.”

“ನಾನು ಯಾರನ್ನೂ ಹೊಗಳಲಿಲ್ಲ ಅಪ್ಪ. ಕೊಡೋಕೆ ಬಂದವರನ್ನ ಓಡಿಸಿದ್ಯಲ್ಲ ಅಂದೆ.”

“ಓಡಿಸಿದ್ನಾ? ನಾನು ಮರ್ಯಾದೆಯಿಂದ ಮಾತಾಡ್ದೆ.”

“ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ. ಆ ಮರ್ಯಾದೆ ಹೊದ್ಕೊಂಡು ಮುಂದಿನ ತಿಂಗಳು ಎಲ್ಲಿ ಮಲಗ್ತೀಯ?”

ಅವನು ಬಲಗೈ ಎತ್ತಿದ. ಹೊಡೆಯಲೆಂದೇ ಎತ್ತಿದ್ದು. ಎತ್ತಿದ ಕೈ ದೀಪದ ಬೆಳಕಿನಲ್ಲಿ ಎಲ್ಲರಿಗೂ ಕಂಡಿತು, ಅವನಿಗೂ ಕಂಡಿತು. ಮೆಲ್ಲಗೆ ಇಳಿಸಿ ತಟ್ಟೆಯ ಪಕ್ಕದಲ್ಲಿಟ್ಟುಕೊಂಡ. ಮಗಳು ಅಳುತ್ತಾ ಎದ್ದು ಪಾತ್ರೆ ತೊಳೆಯಲು ಹೋದಳು. ಅತ್ತೆ ಯಾರ ಕಡೆಯೂ ಮಾತಾಡಲಿಲ್ಲ. ಅವರು ಸುಮ್ಮನಿದ್ದದ್ದೇ ಸೊಸೆಗೆ ಹೆದರಿಕೆ ತಂದಿತು.

ಮಾರನೆಯ ದಿನ ಅವಳು ಯಾರಿಗೂ ಹೇಳದೆ ಹೊರಟಳು. ದಾರಿಯಲ್ಲಿ ಮಾತು ಕಟ್ಟಿಕೊಂಡಳು: ಅಮ್ಮ, ಆವತ್ತು ನೀವು ಹೇಳಿದ ಕೆಲಸ ನಮಗೆ ಬೇಕು. ಇಷ್ಟೇ. ಲಾಂಡ್ರಿಯ ಗೇಟಿನಲ್ಲೇ ತಲೆಯೆತ್ತಿ ನೋಡಿದಳು. ಬಾಯ್ಲರಿನ ಮೇಲಿನ ಕೋಣೆಯ ಕಿಟಕಿಗೆ ಹಗ್ಗ ಕಟ್ಟಿ ಯಾರೋ ಮಗುವಿನ ಬಟ್ಟೆ ಒಣಹಾಕಿದ್ದರು. ಅಲ್ಲಿಂದಲೇ ಹಿಂತಿರುಗಬಹುದಿತ್ತು. ಕಾಲುಗಳು ಒಳಗೆ ಕರೆದುಕೊಂಡು ಹೋದವು.

ಯಜಮಾನಿ ಕನ್ನಡಕ ತೆಗೆದಿಟ್ಟು ಕೇಳಿಸಿಕೊಂಡರು.

“ಕೂತ್ಕೋ,” ಎಂದರು.

“ಪರವಾಗಿಲ್ಲ, ಬೇಡ...” ಎಂದವಳು ತಡೆದು ಕೂತಳು.

“ಕಳೆದ ಸೋಮವಾರ ಕೊಟ್ಟುಬಿಟ್ಟೆನಲ್ಲ. ವ್ಯಾನಿನ ಡ್ರೈವರ್ ಅಳಿಯನಿಗೆ. ಮೂರು ವಾರ ಖಾಲಿ ಇಟ್ಟಿದ್ದೆ, ಮೇಸ್ತ್ರಿ ಮನಸ್ಸು ಬದಲಾಯಿಸಿ ಬರ್ತಾನೇನೋ ಅಂತ. ನಿನ್ನನ್ನ ಅಂಗಳದಲ್ಲಿ ಕೇಳಿದೆ. ಎಲ್ಲ ಸರಿಹೋಗ್ತಿದೆ ಅಂದೆ ನೀನು.”

“ನೀವು ಇನ್ನೊಂದು ಸಲ ಕೇಳಿದ್ರೆ ಒಪ್ಪಿಕೊಳ್ತಿದ್ರು ಅಮ್ಮ.”

“ಇನ್ನೊಂದು ಸಲನಾ?” ಅವರಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. “ನನ್ನ ಮಿಷನ್ನಿಗೆ ಸಿಕ್ಕು ಕೈ ಸುಟ್ಟುಕೊಂಡವನು, ನನ್ನ ಮುಖಕ್ಕೇ ಬೇಡ ಅಂದ. ಮತ್ತೆ ಕೇಳಿದ್ರೆ ಒತ್ತಾಯ ಆಗೋದು. ಅವನಿಗೆ ಈ ಜಾಗ ನೋಡೋಕೂ ಇಷ್ಟ ಇಲ್ಲವೇನೋ ಅಂದ್ಕೊಂಡೆ. ನಿಮ್ಮ ಜನ ಸ್ವಾಭಿಮಾನಿಗಳು, ಅವರಿಂದ ಕಲೀಬೇಕು ಅಂತ ಇಲ್ಲಿ ಎಲ್ಲರಿಗೂ ಹೇಳಿದೆ.”

ಇಪ್ಪತ್ತು ವರ್ಷ ಈ ಜನ ತಮ್ಮನ್ನು ಕೀಳಾಗಿ ನೋಡುತ್ತಾರೆ ಎಂದು ಅತ್ತೆ ಹೇಳುತ್ತಾ ಬಂದಿದ್ದರು. ಕೀಳಾಗಿ ನೋಡಿದ್ದರೆ ವಾಸಿಯಿತ್ತು, ಕರುಣೆಯಿಂದಾದರೂ ಇನ್ನೊಂದು ಸಲ ಕೇಳುತ್ತಿದ್ದರು.

“ಬೇರೆ ಕೋಣೆ...” ಎಂದಳು.

“ಇಲ್ಲ. ಕೆಲಸ ಬೇಕಾದ್ರೆ ಒಗೆಯೋ ಕಡೆ ನಿನಗಿದೆ. ಒದ್ದೆ ಹಾಸು ಎತ್ತಿ ಹಾಕೋದು. ಸೊಂಟ ಬೀಳುತ್ತೆ, ಮೊದಲೇ ಹೇಳ್ತೀನಿ. ಬರ್ತೀಯಾ?”

“ಬರ್ತೀನಿ,” ಎಂದಳು. ಎಷ್ಟು ಬೇಗ ಎಂದಳೆಂದರೆ ಯಜಮಾನಿಯೇ ಒಂದು ಗಳಿಗೆ ಬೆಚ್ಚಿದರು.

ಮನೆಯಲ್ಲಿ ಮೇಸ್ತ್ರಿ ಎಲ್ಲವನ್ನೂ ಕೇಳಿದ. ಕೆಲಸ ಹೋದದ್ದಕ್ಕಿಂತ ಮೊದಲು ಅವನಿಗೆ ತಟ್ಟಿದ್ದು ಬೇರೆ.

“ನೀನಾಗೇ ಹೋಗಿ ಕೇಳಿದ್ಯಾ?”

“ಹೂಂ. ಕೇಳಿದೆ.”

“ನನ್ನ ಹೆಸರಲ್ಲಿ?”

“ನಮ್ಮ ನಾಲ್ಕು ಜನರ ಹೆಸರಲ್ಲಿ. ಒಂದು ವಾರ ಮುಂಚೆ ಹೋಗಿದ್ರೆ ಸಿಕ್ತಿತ್ತು ರೀ. ಮೂರು ವಾರ ಖಾಲಿ ಇಟ್ಟಿದ್ರಂತೆ. ನಾವು ಗಡ್ಡ ಹೆರ್ಕೊಂಡು ಇಲ್ಲಿ ಕಾಯ್ತಾ ಕೂತಿದ್ವಿ, ಅವರು ಅಲ್ಲಿ ಕಾಯ್ತಾ ಕೂತಿದ್ರು.”

ಅವನು ಗೋಡೆಯ ಕಡೆ ತಿರುಗಿ ಮಲಗಿದ. ಇನ್ನೂ ಬೆಳಕಿತ್ತು. ಅತ್ತೆ ಕೇಳಿದರು.

“ನಮ್ಮಿಂದ ಕಲೀಬೇಕು ಅಂದರಾ ಅವರು?”

“ಹೂಂ ಅತ್ತೆ.”

“ಹುಚ್ಚಿ,” ಎಂದರು ಅತ್ತೆ. ಯಜಮಾನಿಗೆ ಹೇಳಿದ್ದೋ ತಮಗೇ ಹೇಳಿಕೊಂಡದ್ದೋ ಗೊತ್ತಾಗಲಿಲ್ಲ.

ಕೊನೆಗೆ ಮಗಳ ಅಂಗಡಿಯವರ ಕಡೆಯಿಂದ ಒಂದು ಕೋಣೆ ಸಿಕ್ಕಿತು, ಟಯರ್ ರಿಪೇರಿ ಮಾಡುವವನ ಹಿತ್ತಿಲಿನಲ್ಲಿ. ‘ಸಣ್ಣದು, ನೋಡ್ತೀರಾ?’ ಎಂದರಂತೆ. ಮಗಳು ನೋಡದೆಯೇ ಹೂಂ ಎಂದು ಬಂದಿದ್ದಳು. ಎಲ್ಲರೂ ಹೋಗಿ ನೋಡಿದರು. ಅಗಲಕ್ಕೆ ಮೂರು ಹೆಜ್ಜೆ, ಉದ್ದಕ್ಕೆ ನಾಲ್ಕು. ಹೊಲಿಗೆ ಯಂತ್ರ ಒಂದು ಮೂಲೆ, ಒಲೆ ಒಂದು ಮೂಲೆ. ಉಳಿದ ನೆಲದಲ್ಲಿ ಮೇಸ್ತ್ರಿ ಮಲಗಿ ತೋರಿಸಿದ, ಪಕ್ಕದಲ್ಲಿ ಮಗಳು ಕೂತು ತೋರಿಸಿದಳು. ಮೂರು ಜನ ಒತ್ತಿಕೊಂಡು ಮಲಗಬಹುದು. ನಾಲ್ಕನೆಯವರ ಕಾಲು ಹೊಸ್ತಿಲ ಆಚೆ ಬರುತ್ತಿತ್ತು.

“ನಾನು ಯಂತ್ರದ ಕೆಳಗೆ ಮಲಗ್ತೀನಿ,” ಎಂದಳು ಮಗಳು.

“ನಾನು ಕೂತೇ ನಿದ್ದೆ ಮಾಡ್ತೀನಿ, ಅಭ್ಯಾಸ ಇದೆ,” ಎಂದ ಮೇಸ್ತ್ರಿ.

ಅತ್ತೆ ಬಾಗಿಲಲ್ಲೇ ನಿಂತಿದ್ದರು. ಒಳಗೆ ಬರಲಿಲ್ಲ.

ಖಾಲಿ ಮಾಡುವ ಹಿಂದಿನ ದಿನ ಸೊಸೆಯ ಮೈದುನ, ವಾರಗಿತ್ತಿ ಇಬ್ಬರೂ ಬಂದರು. ಮೈದುನನಿಗೆ ಊರಿನ ಇನ್ನೊಂದು ತುದಿಯಲ್ಲಿ ಬಣ್ಣದ ಅಂಗಡಿ, ಅದರ ಮೇಲೆ ಮೂರು ಕೋಣೆಯ ಮನೆ, ಓಡಾಡಲು ಕಾರು. ಕೆಟ್ಟವನಲ್ಲ. ಬಂದಾಗಲೆಲ್ಲ ಹಣ್ಣು ತರುತ್ತಿದ್ದ. ಹೊರಡುವಾಗ ಅಮ್ಮನ ಕೈ ಹಿಡಿದು ‘ನಮ್ಮನೆಗೆ ಬಂದುಬಿಡಮ್ಮ’ ಎನ್ನುತ್ತಿದ್ದ. ಅಮ್ಮ ‘ಬೇಡಪ್ಪ, ಇಲ್ಲೇ ಚೆನ್ನಾಗಿದೀನಿ’ ಎನ್ನುತ್ತಿದ್ದರು. ಎರಡನೇ ಸಲ ಕೇಳುವ ಹೊತ್ತಿಗೆ ಅವನಿಗೆ ಯಾವಾಗಲೂ ಕಾರು ಅಡ್ಡ ನಿಲ್ಲಿಸಿದ್ದು ನೆನಪಾಗುತ್ತಿತ್ತು.

ಆ ದಿನವೂ ಅರ್ಧ ಗಂಟೆ ಕೂತರು. ಗಂಟುಮೂಟೆಗಳ ನಡುವೆ ಚಹಾ ಕುಡಿದರು. ಕೈ ಹೇಗಿದೆ ಎಂದರು, ಕಾಲ ಕೆಟ್ಟಿತು ಎಂದರು, ಈ ಊರಿನವರನ್ನು ನಂಬಬಾರದು ಎಂದರು.

“ನಮ್ಮವರಾಗಿದ್ರೆ ಹೀಗೆ ಬಿಟ್ಟು ಹೋಗ್ತಿದ್ರಾ ಅಣ್ಣ?” ಎಂದ ಮೈದುನ. “ಕೈ ಹಿಡಿದು ಎಳ್ಕೊಂಡು ಹೋಗೋರು.” ಹೇಳಿ ಎದ್ದ. ಅಮ್ಮನ ಹತ್ತಿರ ಬಗ್ಗಿ ಕೈ ಹಿಡಿದುಕೊಂಡ. “ಅಮ್ಮ, ನೀನು ನಮ್ಮನೆಗೆ ಬಂದುಬಿಡು.”

“ಆಯ್ತು,” ಎಂದರು ಅತ್ತೆ.

ಮೈದುನ ಹಿಡಿದ ಕೈಯನ್ನು ಬಿಡಲೂ ಇಲ್ಲ, ಎಳೆಯಲೂ ಇಲ್ಲ.

“ಹಾಂ?”

“ಬರ್ತೀನಿ ಅಂದೆ.”

ವಾರಗಿತ್ತಿ ಗಂಡನ ಮುಖ ನೋಡಿದಳು. “ನಮ್ಮ ಮೆಟ್ಟಿಲು ಬಹಳ ಕಡಿದು ಅತ್ತೆ. ನಿಮ್ಮ ಮಂಡಿಗೆ...”

“ಒಂದು ಸಲ ಹತ್ತೋದಲ್ವೇನಮ್ಮ. ಮತ್ತೆ ಇಳಿಯೋ ಕೆಲಸ ನನಗೇನಿದೆ.”

“ಅದಲ್ಲಮ್ಮ,” ಎಂದ ಮೈದುನ, “ಒಳಗಡೆ ಕೋಣೇಲಿ ಬಣ್ಣದ ಡಬ್ಬಾ ತುಂಬಿಟ್ಟಿದೀವಿ. ಮುಂದಿನ ತಿಂಗಳು ಖಾಲಿ ಮಾಡಿಸಿ, ನಾನೇ ಬಂದು ಕರ್ಕೊಂಡು...”

“ಡಬ್ಬಾ ಇರಲಿ ಬಿಡಪ್ಪ. ಅವು ಮಾತಾಡಲ್ಲ, ನಾನೂ ಮಾತಾಡಲ್ಲ. ಇವತ್ತೇ ಬರ್ತೀನಿ. ನನ್ನ ಬಟ್ಟೆ ಕಟ್ಟಿಟ್ಟಾಗಿದೆ.”

ನಿಜವಾಗಿಯೂ ಕಟ್ಟಿಟ್ಟಿದ್ದರು. ಉಳಿದ ಸಾಮಾನುಗಳ ಜೊತೆಯಲ್ಲಲ್ಲ, ಬೇರೆಯಾಗಿ, ಬಾಗಿಲ ಹಿಂದೆ. ಯಾವಾಗ ಕಟ್ಟಿದರೋ ಯಾರೂ ನೋಡಿರಲಿಲ್ಲ. ಮೊಮ್ಮಗಳು ಬಾಯಿಗೆ ಕೈಯಿಟ್ಟುಕೊಂಡಳು. ಒಂದು ಸಲದ ಮಾತಿಗೆ ಒಪ್ಪಿದವರನ್ನು ಹೊಟ್ಟೆಬಾಕರೆಂದ ಬಾಯಿ ಅದು. ಚಿಕ್ಕ ಮಗ ಮನಸ್ಸಿನಿಂದ ಕರೆದಿಲ್ಲವೆಂದು ಆ ಕೋಣೆಯಲ್ಲಿದ್ದ ಎಲ್ಲರಿಗಿಂತ ಚೆನ್ನಾಗಿ ಅವರಿಗೆ ಗೊತ್ತಿತ್ತು. ಗೊತ್ತಿದ್ದೇ ಹೂಂ ಎಂದಿದ್ದರು.

ಗೋಡೆಗೆ ಕೈಯಾನಿಸಿ ಎದ್ದು ನಿಂತರು. ಕೆಳಗೆ ಹೋಗಿ ಕಾರು ತಿರುಗಿಸುತ್ತೇನೆಂದು ಮೈದುನ ಹೊರಟ, ವಾರಗಿತ್ತಿ ಅವನ ಹಿಂದೆಯೇ ಹೋದಳು. ಮೆಟ್ಟಿಲ ಮೇಲೆ ಅವರ ಗುಸುಗುಸು ಕೇಳಿಸುತ್ತಿತ್ತು.

“ಅಮ್ಮ,” ಎಂದ ಮೇಸ್ತ್ರಿ. “ಹೋಗಬೇಡಮ್ಮ. ನಮ್ಮ ಜೊತೆಗೇ ಇರು.”

“ಬೇಡಪ್ಪ,” ಎಂದರು ಅತ್ತೆ. “ನಿಮಗ್ಯಾಕೆ ತೊಂದರೆ.”

ಹೇಳಿ ಹೊಸ್ತಿಲ ಹತ್ತಿರ ನಿಂತರು. ಚಪ್ಪಲಿ ಮೆಟ್ಟುವುದಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಂತರು. ಒಂದು ಕಾಲು ಮೆಟ್ಟಿದರು, ಮಗನ ಮುಖ ನೋಡಿದರು. ಅವನ ತುಟಿ ಅಲುಗಿತು. ಮೂರು ಹೆಜ್ಜೆ ಅಗಲದ ಆ ಕೋಣೆ ಅವನ ಕಣ್ಣ ಮುಂದೆ ಬಂದಿರಬೇಕು, ಮಾತು ಹೊರಗೆ ಬರಲಿಲ್ಲ. ಇನ್ನೊಂದು ಕಾಲು ಮೆಟ್ಟಿದರು, ಸೊಸೆಯ ಮುಖ ನೋಡಿದರು.

ಈಗ ಕೇಳಬೇಕಾದವಳು ತಾನು ಎಂದು ಸೊಸೆಗೆ ಗೊತ್ತಿತ್ತು. ‘ಸುಮ್ಮನೆ ಒಳಗೆ ಬನ್ನಿ ಅತ್ತೆ, ಎಲ್ಲಿಗೂ ಹೋಗೋದು ಬೇಡ.’ ಅಷ್ಟೇ ಮಾತು. ಅದು ನಾಲಗೆಯ ತುದಿಯಲ್ಲೇ ಇತ್ತು. ನಾಳೆಯಿಂದ ಒದ್ದೆ ಹಾಸು ಎತ್ತಬೇಕು, ಎತ್ತಿ ಬಂದ ಮೇಲೆ ಸೊಂಟ ಚಾಚಲು ಜಾಗ ಬೇಕು.

ಅವಳು ಬಗ್ಗಿ, ಬಾಗಿಲ ಹಿಂದಿದ್ದ ಅತ್ತೆಯ ಗಂಟನ್ನು ಎತ್ತಿಕೊಂಡು, ಮೆಟ್ಟಿಲಿಗೆ ಮುಂದಾದಳು.